ಮೂರನೇ ಬುಟ್ಟಿಗೆ ಕಟ್ಟಿದ ಬಟ್ಟೆ

ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿ ಇನ್ನೂ ತಿಂಗಳಾಗಿಲ್ಲ. ಗಿಡ ಕತ್ತರಿಸುವ ಕತ್ತರಿ ಹಿಡಿದು ಹಿಡಿದು ನನ್ನ ಹೆಬ್ಬೆರಳು ದಪ್ಪವಾಗಿದೆ. ಒಂದು ಅಕ್ಷರ ಒತ್ತಿದರೆ ಪಕ್ಕದ ಮನೆಯದೂ ಎದ್ದು ಬರುತ್ತದೆ. ಅದಕ್ಕೇ ಕಿರುಬೆರಳಿನಲ್ಲಿ ಬರೆಯುತ್ತಿದ್ದೇನೆ.

"ಆಯಿ, ಕಿರಬಳ್ಳಲೆ ಯಾರರ ಟೈಪ್ ಮಾಡ್ತಾರೇನ?" ಎಂದು ಅವಳು ನಗುತ್ತಾಳೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನಗಲಿ. ಅವಳು ಹುಟ್ಟುವ ಮೊದಲು ನಾನು ಇಡೀ ಪಾರ್ಕಿಗೆ ಒಬ್ಬಳೇ ನೀರು ಬಿಟ್ಟವಳು.

ಬರೆಯಲು ಕಾರಣವಿದೆ. ನಾನು ಮಾಲಿಯಾಗಿದ್ದ ಪಾರ್ಕಿಗೆ ಈಗ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕು, ಮೆಂತ್ಯೆ ಸೊಪ್ಪು ಆರಿಸುತ್ತಲೇ ಎರಡು ಪ್ರಶ್ನೆ ಕೇಳಿದಳು. "ಕಮಲಕ್ಕಾ, ಈ ಕೆಲಸ ಹ್ಯಾಂಗಿರತದರಿ?" ನಾನು "ಹಸರ ಇರತದವ್ವ" ಎಂದೆ. ಎರಡನೆಯದು: "ಆ ಗಂಗಾಳದಾಟದ ಮೂರನೇ ಬುಟ್ಟಿಗಿ ಹಳೇ ಬಟ್ಟಿ ಸುತ್ತ್ಯಾರಲ್ರಿ, ಅದನ್ನ ಬಿಚ್ಚಿ ಕಸದಾಗ ಒಗೀಲೇನ್ರಿ?"

ಅದರ ಉತ್ತರ ಚೇಷ್ಟೆಯದಲ್ಲ. ಸೊಪ್ಪಿನವಳ ಮುಂದೆ ನಿಂತು ಹೇಳುವಷ್ಟು ಚಿಕ್ಕದೂ ಅಲ್ಲ. ಹೀಗಾಗಿ ಬರೆಯುತ್ತಿದ್ದೇನೆ.

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ನಾನು ದುಡಿದಿದ್ದೇನೆ. ಇದು ಯಾವ ಊರಿನ ಪಾರ್ಕು ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನಮ್ಮನ್ನು ಯಾಕೆ ಎಳೆದೆ ಎನ್ನುತ್ತಾರೆ, ಉಳಿದೆರಡು ಊರಿನವರು ನಮ್ಮನ್ನು ಯಾಕೆ ಬಿಟ್ಟೆ ಎನ್ನುತ್ತಾರೆ.

ನಾನು ಹುಟ್ಟಿದ್ದು ಗೊಬ್ಬೂರಿನ ಕಡೆ, ಕೂಲಿಯವರ ಮನೆಯಲ್ಲಿ. ಹೊಲ ಎಂಬುದು ನಮಗೆ ಬೇರೆಯವರದ್ದು. ಹಾಗಾಗಿ ಮೊದಲ ದಿನ ಆಳಂದದಲ್ಲಿ ಕತ್ತರಿ ಕೈಗೆ ಕೊಟ್ಟು "ಈ ಹಸರೆಲ್ಲ ನಿಂದ" ಎಂದಾಗ ನಾನು ನಿಜವೆಂದೇ ನಂಬಿದ್ದೆ. ಹಾಗೆ ಹೇಳಿದವರು ನಮ್ಮ ಜಮಾದಾರ ಸಾಹೇಬರು. ಸ್ವಭಾವ ಒಳ್ಳೆಯದು, ಆಸೆ ದೊಡ್ಡದು. ಯಾರೋ ದೊಡ್ಡವರು ಬರುತ್ತಾರೆಂದು ಬಾಗಿಲ ಹತ್ತಿರದ ಗಿಡವನ್ನು ಆನೆಯ ಆಕಾರದಲ್ಲಿ ಕತ್ತರಿಸಲು ನನಗೆ ಹೇಳಿದರು. ನಾನು ಆನೆಯನ್ನು ಹತ್ತಿರದಿಂದ ಕಂಡವಳಲ್ಲ. ಕಂಡಿದ್ದು ಎಮ್ಮೆ. ಕೈಗೆ ಗೊತ್ತಿದ್ದದ್ದೇ ಮೂಡಿತು.

"ಸೊಂಡಿ ಎಲ್ಲೈತೆವ್ವ?" ಎಂದರು ಜಮಾದಾರರು.

"ಬೆಳೀತದರಿ ಸಾಹೇಬ್ರ. ಗಿಡ ಅಲ್ರಿ ಅದು?"

ಅವರಿಗೆ ಬೈಯಲು ಬಾಯಿ ತೆರೆದರೂ ನಗು ಬಂತು. ಬಂದ ದೊಡ್ಡವರು ಅದನ್ನು ನೋಡಿ "ಎಮ್ಮೆ ಚೆನ್ನಾಗಿದೆ" ಎಂದು ಹೊಗಳಿ ಹೋದರು. ಸೊಂಡಿಲು ಕೊನೆಗೂ ಬೆಳೆಯಲಿಲ್ಲ.

ಆಗ ಹುಲ್ಲು ಕೊಯ್ಯುತ್ತಿದ್ದದ್ದು ಕುಡುಗೋಲಿನಿಂದ. ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಮುಂದೆ ಮುಂದೆ ಸರಿಯುತ್ತಿದ್ದೆವು. ಬೆನ್ನು ಮುರಿಯುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಯಾರ ಸೊಸೆ ಯಾಕೆ ತವರಿಗೆ ಹೋದಳು, ಯಾರ ಮನೆಯ ರೊಟ್ಟಿ ಯಾಕೆ ಸೀಳುತ್ತದೆ, ಎಲ್ಲವೂ ಆ ಸಾಲಿನಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಹುಲ್ಲು ಕತ್ತರಿಸುವ ಮೆಷಿನ್ ಬಂತು. ಬೆನ್ನು ಉಳಿಯಿತು, ಸಾಲು ಹೋಯಿತು. ಮೆಷಿನ್ ಇದ್ದ ಮೇಲೆ ಒಬ್ಬಳು ಸಾಕಲ್ಲ. ಆ ಒಬ್ಬಳು ನಾನಾದೆ. ಅದರ ಗದ್ದಲದಲ್ಲಿ ನಾನು ಒಬ್ಬಳೇ ಆಡಿಕೊಂಡ ಮಾತೂ ನನಗೆ ಕೇಳುತ್ತಿರಲಿಲ್ಲ.

ಹೊಸ ಹುಡುಗಿಗೆ ಮೊದಲು ಹೇಳಬೇಕಾದದ್ದು ಇದು. ಪಾರ್ಕಿಗೆ ದಿನವಿಡೀ ಜನ ಬರುತ್ತಾರೆ, ಆದರೆ ನಿನ್ನ ಹತ್ತಿರ ಯಾರೂ ಬರುವುದಿಲ್ಲ. ಮುಂಜಾನೆ ನಡೆಯುವವರು ನಿನ್ನ ಪೈಪನ್ನು ದಾಟುತ್ತಾರೆ, ಮುಖ ನೋಡುವುದಿಲ್ಲ. ಜೋಡಿಗಳು ನೀನು ಬಂದರೆ ಎದ್ದು ಹೋಗುತ್ತವೆ. ಇಸ್ಪೀಟಿನವರು "ಅಕ್ಕಾ ಆ ಕಡಿ ನೀರ ಬಿಡ್ರಿ" ಎನ್ನುತ್ತಾರೆ. ನಾನು ಈ ಕಡೆಗೇ ಬಿಡುತ್ತಿದ್ದೆ, ರಾಜ ರಾಣಿ ಎಲ್ಲ ತೊಯ್ದು ಹೋಗುವಂತೆ. ಅಷ್ಟೇ ನನ್ನ ಮನರಂಜನೆ. ಮನೆಯಲ್ಲಿ ಜನ ಇದ್ದರು, ಈಗಲೂ ತುಂಬಿದ್ದಾರೆ. ಎಲ್ಲರಿಗೂ ಕೆಲಸ ಇದೆ. ಸಂಜೆ ಹೋಗಿ ಇವತ್ತು ದಾಸವಾಳ ಅರಳಿತು ಎಂದರೆ "ಹೌದಾ" ಎನ್ನುವಷ್ಟು ಪುರುಸೊತ್ತು ಅವರಿಗೆ.

ಆದರೆ ಮಧ್ಯಾಹ್ನಕ್ಕೆ ಭೀಮಬಾಯಿ ಬರುತ್ತಿದ್ದಳು.

ಭೀಮಬಾಯಿ ನನ್ನದೇ ವಾರಿಗೆಯವಳು. ನದಿ ದಂಡೆಯ ಹಳ್ಳಿಯವಳು. ಸೊನ್ನದಲ್ಲಿ ಬ್ಯಾರೇಜ್ ಆದಾಗ ಅವಳ ಹೊಲ ಹಿನ್ನೀರಿನ ಕೆಳಗೆ ಹೋಯಿತು. ಎತ್ತು ಮಾರಿ ಊರು ಬಿಟ್ಟು ಮಗಳ ಮನೆಗೆ ಬಂದಿದ್ದಳು. ಬಿಸಿಲು ನೆತ್ತಿಗೆ ಬಂದಾಗ ರೊಟ್ಟಿ ಗಂಟು ಹಿಡಿದು ಬಂದು ದೊಡ್ಡ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು. ಅವಳ ರೊಟ್ಟಿ, ನನ್ನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಮಾತು ಬಹಳ ಇರುತ್ತಿರಲಿಲ್ಲ. "ಖಾರ ಜಾಸ್ತಿ ಆಗ್ಯಾದ ಬೇ" ಎನ್ನುತ್ತಿದ್ದಳು, ದಿನವೂ. ದಿನವೂ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಳು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲ ಇದ್ದವರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡುಬು, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಕಟ್ಟಿಕೊಂಡು ಹೋಗಿ, ತಿನ್ನುವ ಮೊದಲು ಬೆಳೆಯ ಮೇಲೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಒಬ್ಬರು ಎರಚುತ್ತ ಮುಂದೆ, ಒಬ್ಬರು ನೀರು ಚಿಮುಕಿಸುತ್ತ ಹಿಂದೆ. ಹೊಲ ಇಲ್ಲದವರು ಪಾರ್ಕಿಗೆ ಬರುತ್ತಾರೆ. ಭೀಮಬಾಯಿ ನನ್ನ ಹುಲ್ಲಿನ ಮೇಲೆ ಎರಚುತ್ತಿದ್ದಳು. "ಇವತ್ತೊಂದ ದಿನ ನಿನ್ನ ಹುಲ್ಲ ನನ್ನ ಹೊಲ. ಹಿಂದ ನೀರ ತಗೊಂಡ ಬಾ." ನಮ್ಮ ಮನೆಯಲ್ಲಿ ಬುದ್ಧ ವಂದನೆ, ಚರಗ ಇಲ್ಲ. ಆದರೂ ತಂಬಿಗೆ ಹಿಡಿದು ಅವಳ ಹಿಂದೆ ನಡೆಯುತ್ತಿದ್ದೆ. ನೀರು ಹಾಕುವುದು ಹೇಗೂ ನನ್ನ ಕೆಲಸ. ಭಜ್ಜಿ ತಿನ್ನಲಂತೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಆಗ ಪಾರ್ಕು ನೋಡಿಕೊಳ್ಳುವ ಆಫೀಸಿಗೆ ಬಂದರು ಹೊಸ ಮೇಡಂ. ಚಿಕ್ಕ ವಯಸ್ಸು, ಮೈಸೂರು ಕಡೆಯ ಮಾತು. ತಾವು ಕಲಿಯುವಾಗ ಆಡಿದ ಆಟವೊಂದನ್ನು ನಮ್ಮ ಪಾರ್ಕಿನಲ್ಲೂ ಮಾಡಿಸಿದರು. ಹೆಸರು ಡಿಸ್ಕ್ ಗಾಲ್ಫ್. ಅಲ್ಲಲ್ಲಿ ಕಂಬ ನೆಟ್ಟು, ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಲೂ ಇಳಿಬಿದ್ದ ಸರಪಳಿ. ದೂರ ನಿಂತು ಪ್ಲಾಸ್ಟಿಕ್ ತಟ್ಟೆ ಬೀಸಬೇಕು. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಒಂದಾದ ಮೇಲೆ ಇನ್ನೊಂದು ಬುಟ್ಟಿ, ಹಾಗೇ ಪಾರ್ಕು ಸುತ್ತಬೇಕು. ಬುಟ್ಟಿ ಮಾಡಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ. ಸರಪಳಿ ತಂದದ್ದು ದನಗಳ ಹಗ್ಗ, ಕೊರಳ ಸರಪಳಿ ಮಾರುವ ಅಂಗಡಿಯಿಂದ. ಊರವರು ತಟ್ಟೆಗೆ ಗಂಗಾಳ ಎನ್ನುವವರು, ಆಟದ ಹೆಸರೂ ಗಂಗಾಳದಾಟ ಎಂದಾಯಿತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಇಸ್ಪೀಟಿನವರು ಓಡಿದರು. ಬೀಸಿ ಬರುವ ಗಂಗಾಳದ ಕೆಳಗೆ ಯಾರು ಎಲೆ ಹಂಚುತ್ತಾರೆ? ನನ್ನ ಪೈಪಿಗೆ ಇಷ್ಟು ದಿನ ಮಾಡಲಾಗದ್ದನ್ನು ಅದು ವಾರದಲ್ಲಿ ಮಾಡಿತು. ಅದಕ್ಕಿಂತ ದೊಡ್ಡದು, ಕಾಲೇಜಿನ ಹೆಣ್ಣುಮಕ್ಕಳು ಬರತೊಡಗಿದರು. ಮೊದಲು ಹುಡುಗಿಯರಿಗೆ ಪಾರ್ಕಿನಲ್ಲಿ ನಿಲ್ಲಲು ಒಂದು ನೆಪ ಬೇಕಿತ್ತು. ಈಗ ಕೈಯಲ್ಲಿ ತಟ್ಟೆ ಇತ್ತು, ಯಾರೂ ಕೇಳುವಂತಿರಲಿಲ್ಲ. ಅವರ ಮುಂದಾಳು ರೇಷ್ಮಾ, ದರ್ಜಿಯವರ ಮಗಳು. ದುಪಟ್ಟಾ ಸೊಂಟಕ್ಕೆ ಕಟ್ಟಿ ಅವಳು ಬೀಸಿದರೆ ತಟ್ಟೆ ಗಿಡಗಳ ನಡುವೆ ಬಾಗಿ ಹೋಗಿ ಝಲ್ ಎಂದು ಸರಪಳಿಗೆ ಬೀಳುತ್ತಿತ್ತು. ನನ್ನನ್ನು ಮುಖ ನೋಡಿ ಮಾತಾಡಿಸಿದ ಮೊದಲ ಜನ ಆ ಮಕ್ಕಳೇ.

"ಆಯಿ, ನೀವೂ ಒಂದ ಒಗೀರಿ!"

"ನಾ ಒಗದ್ರ ನಿಮ್ಮ ಗಂಗಾಳ ಸೊಲ್ಲಾಪುರದಾಗ ಹುಡಕಬೇಕಾಗತದ."

ಯಾರೂ ಇಲ್ಲದಾಗ ಒಗೆದು ನೋಡಿದೆ. ನನ್ನದೇ ಗುಲಾಬಿ ಗಿಡದ ಕುತ್ತಿಗೆ ಮುರಿಯಿತು. ಆದರೆ ಬಿಡಲಿಲ್ಲ.

ಕೆಟ್ಟದ್ದೂ ಇತ್ತು. ತಟ್ಟೆ ಮರದಲ್ಲಿ ಸಿಕ್ಕಿದರೆ ಕಲ್ಲು ಬೀಸುತ್ತಿದ್ದರು, ಕಾಯಿ ಉದುರುತ್ತಿತ್ತು. ಬುಟ್ಟಿಯ ಸುತ್ತ ತುಳಿದು ತುಳಿದು ಹುಲ್ಲು ಬೋಳಾಯಿತು. ಸಂಜೆ ಮಕ್ಕಳನ್ನು ಹೊರಳಲು ಬಿಟ್ಟು ಕೂರುತ್ತಿದ್ದ ತಾಯಂದಿರು ಬೇಲಿಯ ಅಂಚಿಗೆ ಸರಿದರು. ಒಂದು ಮಧ್ಯಾಹ್ನ ಮೂರನೇ ಬುಟ್ಟಿಗೆ ಬೀಸಿದ ತಟ್ಟೆ ತಪ್ಪಿ ಬೇವಿನ ಕೆಳಗೆ ಭೀಮಬಾಯಿಯ ಭುಜಕ್ಕೆ ಬಡಿಯಿತು. ಹುಡುಗರು ಓಡಿ ಬಂದು ಕಾಲಿಗೆ ಬಿದ್ದರು. "ಏನೂ ಆಗಿಲ್ಲ ಏಳ್ರಪ್ಪಾ" ಎಂದು ಗಂಟು ಕಟ್ಟಿ ಎದ್ದು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮನೆಗೆ ಹೋಗಿ ಕೇಳಿದರೆ ಮಗಳು "ಆರಾಮ ಅದಾಳರಿ, ಬಿಸಲಾಗ ಯಾಕ ಅಂತ" ಎಂದಳು. ಭೀಮಬಾಯಿ ಒಳಗಿನಿಂದ ಬರಲಿಲ್ಲ. ನಾನು ಬೆಂಚಿನ ಮೇಲೆ ಒಬ್ಬಳೇ ಕುಳಿತು ಹಿಂಡಿ ತಿಂದೆ. ಖಾರ ಜಾಸ್ತಿಯೇ ಇತ್ತು. ಇಷ್ಟು ದಿನ ಗೊತ್ತಾಗಿರಲಿಲ್ಲ.

ಎಳ್ಳಮಾವಾಸ್ಯೆ ಬಂತು. ಹೊಲ ಇಲ್ಲದ ಮನೆಗಳವರೆಲ್ಲ ಬಂದರು, ಭೀಮಬಾಯಿ ಬರಲಿಲ್ಲ. ನಾನು ಹಿಂದಿನ ತೊಟ್ಟಿಗೆ ನೀರು ತುಂಬಿಸುತ್ತಿದ್ದೆ. ಈ ಕಡೆ ಬರುವಷ್ಟರಲ್ಲಿ ನಗುವಂಥದ್ದೊಂದು ನಡೆದುಹೋಗಿತ್ತು. ಹೊಸದಾಗಿ ನಿಂತ ಬುಟ್ಟಿಗಳನ್ನು ನೋಡಿದ ಹೆಂಗಸರು ಅವು ಚರಗಕ್ಕೇ ಮಾಡಿದ್ದೆಂದುಕೊಂಡಿದ್ದರು.

"ಹುಲ್ಲಿನ ಮ್ಯಾಲ ಚೆಲ್ಲಿದ್ರ ಹೊಲಸಾಗತದಂತ ಸರಕಾರದವರು ಬುಟ್ಟಿ ನಿಲ್ಲಿಸ್ಯಾರ. ಚೊಲೊ ಮಾಡ್ಯಾರ ನೋಡ್ರಿ," ಎಂದು ಒಬ್ಬ ಮುದುಕಿ ನನಗೇ ವಿವರಿಸಿದಳು. ಎಲ್ಲ ಬುಟ್ಟಿಯಲ್ಲೂ ಕಡುಬು, ಅನ್ನ, ಭಜ್ಜಿ. ಸರಪಳಿಗೆ ಕುಂಕುಮ.

ಮರುದಿನ ಮುಂಜಾನೆ ರೇಷ್ಮಾ ಬೀಸಿದ ಮೊದಲ ತಟ್ಟೆ ಝಲ್ ಎನ್ನಲಿಲ್ಲ, ಪಚ್ ಎಂದಿತು.

"ಆಯೀ! ಬುಟ್ಟ್ಯಾಗ ಭಜ್ಜಿ ಐತಿ!"

"ಬಿಸಿ ಐತೇನ ನೋಡ."

ಕಾಗೆ, ಅಳಿಲು, ಇರುವೆ ಎಲ್ಲ ಆಟಕ್ಕೆ ಇಳಿದಿದ್ದವು. ಹುಡುಗರು ಆಫೀಸಿಗೆ ದೂರು ಕೊಟ್ಟರು. ಅದು ಗೊತ್ತಾಗಿ ಹೆಂಗಸರೂ ಕೊಟ್ಟರು: ನಮ್ಮ ತಲೆ ಮೇಲೆ ಗಂಗಾಳ ಒಗೀತಾರೆ, ಆಟ ತೆಗೀರಿ ಎಂದು. ಮೇಡಂ ಎರಡೂ ಕಡೆಯವರನ್ನು ಪಾರ್ಕಿಗೇ ಕರೆಸಿದರು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಗದ್ದಲವೆದ್ದಿತು. ಮೇಡಂ ನನ್ನ ಕಡೆ ತಿರುಗಿದರು.

"ಕಮಲಾಬಾಯಿ, ದಿನಾ ನೋಡ್ತಿರೋರು ನೀವು. ಇದು ಇರಬೇಕಾ, ತೆಗೀಬೇಕಾ? ನೀವು ಹೇಳಿದ ಹಾಗೆ ಮಾಡ್ತೀನಿ."

ನಾಲಿಗೆಯ ತುದಿಗೆ "ತೆಗೀರಿ" ಎಂಬುದು ಬಂದು ನಿಂತಿತ್ತು. ತೆಗೆದರೆ ಭೀಮಬಾಯಿ ಬರುತ್ತಾಳೆ, ನನ್ನ ಮಧ್ಯಾಹ್ನ ನನಗೆ ಸಿಗುತ್ತದೆ. ಎದುರಿಗೆ ರೇಷ್ಮಾ ನಿಂತಿದ್ದಳು, ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು. ಬುಟ್ಟಿ ಹೋದರೆ ಅವಳು ನಾಳೆಯಿಂದ ಯಾವ ನೆಪಕ್ಕೆ ಇಲ್ಲಿ ನಿಲ್ಲುತ್ತಾಳೆ? ಇಸ್ಪೀಟಿನವರು ಸಂಜೆಗೇ ಬಂದು ಕೂರುತ್ತಾರೆ.

"ಇರ್ಲಿರಿ," ಎಂದೆ. "ಆದ್ರ ಊಟದ ಹೊತ್ತಿಗಿ ಆಟ ಬ್ಯಾಡ. ಎಳ್ಳಮಾಸಿ ದಿನಾ ಬ್ಯಾಡ. ಮೂರನೇ ಬುಟ್ಟಿಗಿ ಬೇವಿನ ಗಿಡದ ಕಡಿಂದ ನಿಂತ ಆ ಕಡಿ ಒಗೀಲಿ, ಗಿಡದ ಕಡಿ ಮಾರಿ ಮಾಡಿ ಒಗ್ಯಾದ ಬ್ಯಾಡ. ಮತ್ತ ಬುಟ್ಟಿ ಯಾವದಕ್ಕದ ಅಂತ ಒಂದ ಬೋರ್ಡ್ ಹಾಕ್ರಿ."

ಎಲ್ಲವನ್ನೂ ಒಪ್ಪಿದರು. ಗೆದ್ದವಳಂತೆ ಭೀಮಬಾಯಿಯ ಮನೆಗೆ ಹೋದೆ. ಆ ದಿನ ಅವಳು ಹೊಸ್ತಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ.

"ಇನ್ನ ಗಂಗಾಳ ಬಡಿಯಲ್ಲ. ನಾಳಿಂದ ಬಾ."

ಅವಳು ಮೊರ ಕೆಳಗಿಟ್ಟಳು. "ಬಡದದ್ದಕ್ಕ ಬಿಟ್ಟೇನಂತ ತಿಳದಿ ಏನ ಬೇ? ಎತ್ತ ಒದ್ದದ್ದ ತಿಂದಾಕಿ ನಾ."

"ಮತ್ತ ಯಾಕ?"

"ಆ ಸಪ್ಪಳ." ಜೋಳದಲ್ಲಿ ಬೆರಳಾಡಿಸಿದಳು. "ಎತ್ತ ಗ್ವಾದಲ್ಯಾಗ ಮೇವ ತಿನ್ನಾಗ ಕೊಳ್ಳಾನ ಸರಪಳಿ ಝಾಡಸ್ತಾವಲ್ಲ, ಹಂಗೇ ಆಗತದ. ಗಾಳಿ ಬಂದ್ರೂ ಅಂತದ. ಕಣ್ಣ ಮುಚ್ಚಿದ್ರ ಕೊಟ್ಟಗ್ಯಾಗ ಇರ್ತೇನಿ, ಕಣ್ಣ ತೆರದ್ರ ನಿನ್ನ ಪಾರ್ಕಿನ್ಯಾಗ. ದಿನಾ ಅಷ್ಟ ದೂರ ಹೋಗಿ ಬರಾಕ ನನ್ನ ಕೈಲೆ ಆಗಂಗಿಲ್ಲ ಕಮಲಾ."

ನಾನು ಎದ್ದು ಬಂದೆ. ಕೌದಿ ಹೊಲಿಯಲೆಂದು ಮನೆಯಲ್ಲಿ ಹಳೆಯ ಸೀರೆಗಳನ್ನು ಇಟ್ಟಿದ್ದೆ. ಅವುಗಳನ್ನು ಪಟ್ಟಿ ಪಟ್ಟಿ ಹರಿದುಕೊಂಡು ಹೋಗಿ ಬೇವಿನ ಹತ್ತಿರದ ಆ ಮೂರನೇ ಬುಟ್ಟಿಯ ಒಂದೊಂದು ಸರಪಳಿಗೂ ಮೇಲಿನಿಂದ ಕೆಳಗಿನವರೆಗೆ ಸುತ್ತಿ ಬಿಗಿದೆ. ಸುಟ್ಟ ಕೈಗೆ ಕಟ್ಟಿದಂತೆ ಕಾಣುತ್ತಿತ್ತು. ಅಲ್ಲಾಡಿಸಿ ನೋಡಿದೆ. ಸದ್ದಿಲ್ಲ.

ಸಂಜೆ ರೇಷ್ಮಾಳ ಗಲಾಟೆ. "ಸಪ್ಪಳ ಇಲ್ದ ಬಿದ್ದದ್ದ ಹ್ಯಾಂಗ ಗೊತ್ತಾಗತದ ಆಯಿ? ಮಜಾನೇ ಇಲ್ಲ!"

"ಹೋಗಿ ನೋಡ."

"ಅಷ್ಟ ದೂರ ನಡೀಬೇಕಲ್ರಿ!"

"ಆಡಾಕ ಬಂದೀಯೋ, ಕುಂದ್ರಾಕ ಬಂದೀಯೋ?"

ಆಮೇಲೆ ಅವಳೊಬ್ಬಳಿಗೆ ಕಾರಣ ಹೇಳಿದೆ. ಅವಳು ಗೆಳೆಯರ ಹತ್ತಿರ ಹೋಗಿ "ಅದು ಚುಪ್ ಬುಟ್ಟಿ. ಅಲ್ಲಿ ಯಾರೂ ಚೀರಬ್ಯಾಡ್ರಿ, ರೂಲ್ ಅದ" ಎಂದಳು. ಕಾರಣ ಹೇಳಲಿಲ್ಲ. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಮರುದಿನ ಭೀಮಬಾಯಿಯ ಕೈ ಹಿಡಿದು ಎಳೆದುಕೊಂಡೇ ಬಂದೆ. ಬೆಂಚಿನ ಮೇಲೆ ಕುಳಿತು ಬುಟ್ಟಿಯನ್ನು ನೋಡಿದಳು, ಬಟ್ಟೆಯನ್ನು ನೋಡಿದಳು. "ಆ ಹಸರ ಪಟ್ಟಿ, ಲಗ್ನದಾಗ ಉಟ್ಟದ್ದಂತ ನೀ ತೋರಿಸಿದ್ದ ಸೀರಿದಲ್ಲ?" ಎಂದಳು.

"ಹರದಿತ್ತು ಬಿಡ."

ರೊಟ್ಟಿ ಗಂಟು ಬಿಚ್ಚಿದಳು. "ಖಾರ ಜಾಸ್ತಿ ಆಗ್ಯಾದ ಬೇ," ಎಂದಳು, ಇನ್ನೂ ತಿನ್ನುವ ಮೊದಲೇ.

ಮುಂದಿನ ಎಳ್ಳಮಾವಾಸ್ಯೆಗೆ ಅವಳು ಮುಂದೆ, ತಂಬಿಗೆ ಹಿಡಿದು ನಾನು ಹಿಂದೆ. ಚರಗ ಮುಗಿದ ಮೇಲೆ ಬುಟ್ಟಿಯ ಹತ್ತಿರ ನಿಂತಳು.

"ಒಂದ ಸರಪಳಿ ಬಿಚ್ಚ."

"ಯಾಕ ಬೇ?"

"ಬಿಚ್ಚಂದ್ರ ಬಿಚ್ಚ."

ಒಂದನ್ನು ಬಿಚ್ಚಿದೆ. ಅವಳು ಭಜ್ಜಿ ಹತ್ತಿದ ಬೆರಳಿನಿಂದ ಅದನ್ನು ಮೆಲ್ಲಗೆ ದೂಡಿ, ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ ದೂಡಿದಳು.

"ಇದ ಬಲಗಡಿ ಎತ್ತಿಂದು," ಎಂದಳು. "ಎಡಗಡೀದು ಇಷ್ಟ ಝಾಡಸ್ತಿದ್ದಿಲ್ಲ, ಸಂಭಾವಿತ ಇತ್ತು." ಆಮೇಲೆ, "ಸಾಕು, ಕಟ್ಟ" ಎಂದಳು. ಕಟ್ಟಿದೆ.

ನನ್ನ ನಿವೃತ್ತಿಯ ದಿನ ಆಫೀಸಿನಲ್ಲಿ ಶಾಲು ಹೊದಿಸಿದರು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಸೆಕೆ ಆಗುತ್ತಿತ್ತು. ಮೇಡಂ ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ರೇಷ್ಮಾ ನರ್ಸಿಂಗ್ ಓದಲು ಕಲಬುರ್ಗಿಗೆ ಹೋದಳು. ಭೀಮಬಾಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ನಾನು ಆಮೇಲೆ ಬಹಳ ದಿನ ಪಾರ್ಕಿನ ಕಡೆ ಹೋಗಲಿಲ್ಲ. ಹೋಗಿ ಯಾರ ಪಕ್ಕ ಕೂರಲಿ?

ನೀನು ಸಂತೆಯಲ್ಲಿ ಆ ಬಟ್ಟೆಯ ಮಾತೆತ್ತಿದ ಮರುದಿನ ಹೋದೆ. ನನ್ನ ಸೀರೆಯ ಪಟ್ಟಿಗಳು ಮಳೆ ಬಿಸಿಲಿಗೆ ಎಂದೋ ಹರಿದು ಹೋಗಿರಬೇಕೆಂದು ಗೊತ್ತಿತ್ತು. ನೀನು ಹಳೆಯದು ಎಂದದ್ದು ಯಾವುದು ಎಂದು ನೋಡಬೇಕಿತ್ತು. ನೋಡಿದರೆ ಅದು ನಾನು ಕಟ್ಟಿದ್ದಲ್ಲ. ಯಾರದೋ ಹಳೆಯ ದುಪಟ್ಟಾ, ಯಾರದೋ ಅಂಗಿಯ ತೋಳು, ಒಂದು ಕಡೆ ಶಾಲೆಯ ಟೈ. ಒಬ್ಬಳು ಹುಡುಗಿ ಸಡಿಲವಾದ ಗಂಟೊಂದನ್ನು ಹಲ್ಲಿನಿಂದ ಬಿಗಿಯುತ್ತಿದ್ದಳು. ಮುಖ ಪರಿಚಯದ್ದಲ್ಲ.

"ಯಾಕವ್ವ ಅದನ್ನ ಕಟ್ಟಾಕತ್ತಿ?"

"ಇದು ಚುಪ್ ಬುಟ್ಟಿರಿ ಆಯಿ. ಇದು ಸಪ್ಪಳ ಮಾಡಬಾರದರಿ."

"ಯಾಕ?"

"ಗೊತ್ತಿಲ್ರಿ. ಮೊದಲಿಂದ ಹಂಗೇ ಐತಿ. ಇದರ ಮುಂದ ಯಾರೂ ಚೀರಂಗಿಲ್ಲ."

ಹೇಳಿಬಿಡಲೇ ಎಂದುಕೊಂಡೆ. ಹೇಳಲಿಲ್ಲ. ಬೆಂಚಿನ ಮೇಲೆ ನನ್ನ ಪಾಲಿನ ಅರ್ಧದಲ್ಲೇ ಕುಳಿತೆ. ಈಗ ನಿನಗೆ ಹೇಳಿದ್ದೇನೆ. ಬಿಚ್ಚುವುದು ಬಿಡುವುದು ನಿನಗೆ ಸೇರಿದ್ದು, ಪಾರ್ಕು ಈಗ ನಿನ್ನದು.

ಗಂಟು ಬಿಗಿಯುತ್ತಿದ್ದ ಆ ಹುಡುಗಿ ನನ್ನ ಕೈಗೊಂದು ತಟ್ಟೆ ಕೊಟ್ಟಳು. "ಒಗೀತೀರೇನ್ರಿ ಆಯಿ? ಹಗೂರಕ ಅದರಿ." ಅವಳಿಗೇನು ಗೊತ್ತು, ಗುಲಾಬಿ ಗಿಡ ಮುರಿದ ಮೇಲೆ ನಾನು ಯಾರೂ ಇಲ್ಲದಾಗ ಎಷ್ಟು ಒಗೆದಿದ್ದೇನೆಂದು. ಎದ್ದು ಬೇವಿಗೆ ಬೆನ್ನು ಮಾಡಿ, ಚರಗ ಎರಚುವ ಹಾಗೆ ಮಣಿಕಟ್ಟು ತಿರುಗಿಸಿ ಬಿಟ್ಟೆ. ತಟ್ಟೆ ಹೋಗಿ ಬಟ್ಟೆ ಸುತ್ತಿದ ಸರಪಳಿಗೆ ತಾಗಿ ಬುಟ್ಟಿಯಲ್ಲಿ ಕುಳಿತಿತು.

ಹುಡುಗಿ ಚೀರಲು ಬಾಯಿ ತೆರೆದು, ನೆನಪಾಗಿ, ಕೈ ಅಡ್ಡ ಹಿಡಿದಳು. ತಟ್ಟೆ ಬಿದ್ದದ್ದು ಪಾರ್ಕಿನಲ್ಲಿ ಯಾರಿಗೂ ಕೇಳಲಿಲ್ಲ.